ಮಹಾಲಿಂಗನ ಬಣ್ಣಗಳು

ಹೋದ ರವಿವಾರ ಶಿವಬಸವ್ವ ನನ್ನನ್ನು ಮನೆಗೆ ಕರೆಸಿ ಮಹಾಲಿಂಗನ ಅಂಗಿಗಳನ್ನು ಒಂದು ಚೀಲಕ್ಕೆ ತುಂಬಿ ಕೊಟ್ಟಳು. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. "ಅಣ್ಣಾರ, ಯಾರಿಗರೆ ಬರತಾವೇನು ನೋಡ್ರಿ. ಮನ್ಯಾಗ ಇಟಗೊಂಡು ನಾ ಏನ್ ಮಾಡ್ಲಿ" ಎಂದಳು. ಚಹಾ ಕೊಟ್ಟಳು. ಅವನ ಖುರ್ಚಿ ಖಾಲಿ ಇತ್ತು, ನಾನು ನೆಲದ ಮೇಲೆ ಕುಳಿತೆ.

ಮನೆಗೆ ಬಂದು ಅಂಗಿಗಳನ್ನು ಮಂಚದ ಮೇಲೆ ಹರಡಿದೆ. ಹದಿನೇಳು ಇದ್ದವು. ಒಂದೊಂದರ ಕಾಲರನ್ನೂ ಹೊರಳಿಸಿ ಒಳಬದಿಯನ್ನು ನೋಡುತ್ತ ಹೋದೆ. ಅಲ್ಲಿ ಬಿಳಿ ದಾರದ ಸಣ್ಣ ಹೊಲಿಗೆಗಳಿರುತ್ತವೆ ಎಂದು ನನಗೆ ಗೊತ್ತಿತ್ತು. ಒಂದು ಹೊಲಿಗೆ ಎಂದರೆ ಹಸಿರು, ಎರಡು ಎಂದರೆ ಕಂದು, ಅಡ್ಡ ಹೊಲಿಗೆ ಎಂದರೆ ಕೆಂಪು. ನೀಲಿ ಅಂಗಿಗೆ ಹೊಲಿಗೆ ಇರುತ್ತಿರಲಿಲ್ಲ. ನೀಲಿ ಅವನಿಗೆ ಕಾಣುತ್ತಿತ್ತು.

ಮಹಾಲಿಂಗನಿಗೆ ಹುಟ್ಟಿನಿಂದಲೇ ಕೆಂಪು ಮತ್ತು ಹಸಿರು ಒಂದೇ ಆಗಿ ಕಾಣುತ್ತಿದ್ದವು. ಇದು ಅವನ ಹೆಂಡತಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ ಆಗ ನನಗೆ ತಿಳಿದಿರಲಿಲ್ಲ. ಈ ಮರಾಠಿ ಸೀಮೆಯಲ್ಲಿ ನಿಗಡಿಯಿಂದ ಭೋಸರಿಗೆ ಮೂವತ್ತು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು, ಒಂದೇ ಕಾರ್ಖಾನೆಯಲ್ಲಿ ದುಡಿದೆವು, ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಇಂಡಿ ತಾಲೂಕಿನ ಒಂದು ಊರಿನವನು. ಏಳು ವರ್ಷದವನಿದ್ದಾಗ ಅವರ ಕಾಕಾ ಹಣ್ಣು ಮೆಣಸಿನಕಾಯಿ ಬಿಡಿಸಲು ಕಳಿಸಿದನಂತೆ. ಇವನು ಬುಟ್ಟಿ ತುಂಬ ಹಸಿ ಕಾಯಿ ಕಿತ್ತು ತಂದ. ಚೇಷ್ಟೆಗೆ ಹೀಗೆ ಮಾಡಿದ್ದಾನೆಂದು ಕಾಕಾ ಹೊಡೆದ. ಮರುದಿನ ಮತ್ತೆ ಕಳಿಸಿದ. ಆ ದಿನ ಹುಡುಗ ಪ್ರತಿ ಕಾಯಿಯನ್ನೂ ಬೆರಳಿನಿಂದ ಅದುಮಿ ನೋಡಿ, ಮೆತ್ತಗಿದ್ದುದನ್ನು ಮಾತ್ರ ಕಿತ್ತ. ಒಂದೂ ತಪ್ಪಲಿಲ್ಲ. ಈ ಕತೆಯನ್ನು ಅವನು ನನಗೆ ಹೇಳಿದ್ದು ಬಹಳ ತಡವಾಗಿ, ಎಲ್ಲ ಬಯಲಾದ ಮೇಲೆ. ಅದುಮಿ ನೋಡುವ ಆ ಬೆರಳುಗಳೇ ಮುಂದೆ ಅವನ ಹೊಟ್ಟೆಗೆ ಹಾಕಿದವು.

ನಮ್ಮ ಕಾರ್ಖಾನೆ ಗೇರಿಗೆ ಬೇಕಾದ ಶಾಫ್ಟುಗಳನ್ನು ಮಾಡುತ್ತದೆ. ಮಹಾಲಿಂಗ ತಪಾಸಣೆಯವನು. ತಯಾರಾದ ಶಾಫ್ಟನ್ನು ಗೇಜಿಗೆ ಹಾಕಿ ಅಳೆದು, ಇದು ಪಾಸು, ಇದು ರಿಜೆಕ್ಟು ಎಂದು ಹೇಳುವ ಕೆಲಸ. ಗೇಜಿಗೆ ಹಾಕುವ ಮೊದಲೇ ಹೆಬ್ಬೆರಳನ್ನು ಶಾಫ್ಟಿನ ಮೇಲೆ ಒಮ್ಮೆ ಎಳೆಯುತ್ತಿದ್ದ. ಕೂದಲೆಳೆಯ ಗೀರಿದ್ದರೂ ಬೆರಳು ನಿಲ್ಲುತ್ತಿತ್ತು. ಆ ಬೆಂಚನ್ನು ಅವನು ಎಷ್ಟು ಪ್ರೀತಿಸುತ್ತಿದ್ದನೆಂದರೆ, ಎರಡು ಸಲ ಸೂಪರ್‌ವೈಸರ್ ಮಾಡುತ್ತೇವೆಂದರೂ ಒಲ್ಲೆ ಎಂದ. "ಕೈ ಬಿಟ್ಟು ಬಾಯಿಲೆ ದುಡಿಯೂದು ನನಗ ಬರೂದಿಲ್ಲ" ಎನ್ನುತ್ತಿದ್ದ.

ತಪಾಸಣೆಯವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇರುತ್ತದೆ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕವೊಂದನ್ನು ಡಾಕ್ಟರು ತೋರಿಸುತ್ತಾರೆ. ಬಣ್ಣ ಕಾಣದವರಿಗೆ ಅಂಕಿ ಕಾಣುವುದಿಲ್ಲ, ಅವರಿಗೆ ತಪಾಸಣೆಯ ಕೆಲಸವಿಲ್ಲ. ಮಹಾಲಿಂಗ ಪ್ರತಿ ವರ್ಷ ಪಾಸಾಗುತ್ತಿದ್ದ. ಹೇಗೆ ಎಂಬುದು ನನಗೂ ಆಗ ತಿಳಿದಿರಲಿಲ್ಲ.

ನನಗೆ ಅವನ ಗುಟ್ಟು ತಿಳಿದದ್ದು ಚೀಟಿಗಳಿಂದ. ಆಗ ಡಬ್ಬಗಳಿಗೆ ಕಾಗದದ ಚೀಟಿ ಕಟ್ಟುತ್ತಿದ್ದರು, ಪಾಸಾದದ್ದಕ್ಕೆ ಹಸಿರು, ರಿಜೆಕ್ಟಿಗೆ ಕೆಂಪು. ಮಾಲು ಗಾಡಿಗೆ ಏರಿಸುವ ಡಿಸ್ಪ್ಯಾಚು ನನ್ನದು, ಹಾಗಾಗಿ ಚೀಟಿಗಳೆಲ್ಲ ನನ್ನ ಕೈಯಲ್ಲೇ ಹಾಯುತ್ತಿದ್ದವು. ಮಹಾಲಿಂಗ ಕಟ್ಟಿದ ಕೆಂಪು ಚೀಟಿಗೆಲ್ಲ ಒಂದು ಮೂಲೆ ಕತ್ತರಿಸಿರುತ್ತಿತ್ತು. ಹೊಸ ಚೀಟಿಯ ಕಟ್ಟು ಬಂದ ದಿನ ಅವನು ಮೊದಲು ಸ್ಟೋರಿನವನ ಮುಂದೆ ನಿಂತು, "ಕೆಂಪು ಕಟ್ಟು ಯಾವುದು, ಕೈಯಾಗ ಕೊಡು" ಎಂದು ಇಸಿದುಕೊಂಡು, ಅಲ್ಲೇ ಮೂಲೆ ಕತ್ತರಿಸುತ್ತಿದ್ದ. ಜನ ಅದನ್ನು ಅವನ ಶಿಸ್ತು ಎಂದುಕೊಂಡರು. ಒಬ್ಬ ಮ್ಯಾನೇಜರನಂತೂ ಮೆಚ್ಚಿಕೊಂಡು, ಕೆಂಪು ಚೀಟಿಗಳ ಮೂಲೆಯನ್ನು ಎಲ್ಲರೂ ಕತ್ತರಿಸಬೇಕು ಎಂದು ನಿಯಮವನ್ನೇ ಮಾಡಿದ. ಊಟದ ಹೊತ್ತಿನಲ್ಲಿ ಅದನ್ನು ಸಾರಿದಾಗ ಮಹಾಲಿಂಗ ತಲೆ ತಗ್ಗಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ. ನಾನು ಅವನ ಮುಖ ನೋಡಿದೆ, ಅಷ್ಟೆ.

ಶಿವಬಸವ್ವನಿಗೆ ತಿಳಿದದ್ದು ಮೊದಲ ಬಸಿರಿನಲ್ಲಿ, ಇದನ್ನೂ ಅವನು ಆಮೇಲೆ ಹೇಳಿದ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಬೇಕು, ಹಸಿರು ಬಳೆ ಬೇಕು. ಬಳೆಯನ್ನು ಊರಿನಿಂದ ಅವಳ ತಾಯಿ ತಂದರು. ಸೀರೆಯನ್ನು ತಾನೇ ತರುತ್ತೇನೆಂದು ಮಹಾಲಿಂಗ ಲಕ್ಷ್ಮೀ ರೋಡಿನ ಸೀರೆ ಅಂಗಡಿಗೆ ಹೋದ. ಮರಾಠಿಯಲ್ಲಿ ಹಿರವಾ ಎಂದು ಕೇಳಿದ್ದರೆ ಅಂಗಡಿಯವನು ಹಸಿರನ್ನೇ ಕೊಡುತ್ತಿದ್ದ. ಇವನು ಕೇಳಲಿಲ್ಲ. ರಾಶಿಯಿಂದ ತಾನೇ ಆರಿಸಿ, ದಟ್ಟ ಕಂದು ಬಣ್ಣದ ಸೀರೆ ತಂದ. ಹೆಂಗಸರೆಲ್ಲ ಸೇರಿದ ಮೇಲೆ ಅದನ್ನು ಬಿಚ್ಚಿದರು. ಅವಳ ಅತ್ತೆ, "ಇದೇನಪಾ, ಹಸರ ಅಂದ್ರ ಮಣ್ಣಿನ ಬಣ್ಣ ತಂದೀಯಲ್ಲ" ಎಂದರು. ಮಹಾಲಿಂಗ ಗೋಡೆ ನೋಡುತ್ತ ನಿಂತ. ಶಿವಬಸವ್ವ ಅವನ ಮುಖ ನೋಡಿ, "ನಾನ ಇದನ್ನ ತರ್ರಿ ಅಂದಿದ್ನಿರಿ ಅತ್ತಿ, ಹಸರಂದು ಮನ್ಯಾಗ ಅದ" ಎಂದಳು. ಮನೆಯಲ್ಲಿದ್ದ ಹಳೆಯ ಹಸಿರು ಸೀರೆಯನ್ನೇ ಉಟ್ಟು ಕುಳಿತಳು. ಅದಾದ ವಾರಕ್ಕೆ ಕಾಲರಿನಲ್ಲಿ ಹೊಲಿಗೆ ಶುರುವಾಯಿತು. ಯಾರಾದರೂ ಅಂಗಿಯ ಬಣ್ಣದ ಮಾತೆತ್ತಿದರೆ ಗಂಡನ ಬಾಯಿಂದ ತಪ್ಪು ಉತ್ತರ ಬರಬಾರದು ಎಂದು.

ಆಮೇಲೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಆ ಮೊದಲ ಸಾಫ್ಟ್‌ವೇರ್ ನೋಡಲು ಕುರೂಪಿ, ಆದರೆ ಒಳ್ಳೆಯ ಗುಣ ಒಂದಿತ್ತು. ಅದರ ಸೆಟ್ಟಿಂಗಿನ ಪುಟಕ್ಕೆ ಹೋದರೆ ಪರದೆಯ ಮೇಲಿನ ಯಾವ ಬಣ್ಣವನ್ನಾದರೂ ಬೇಕಾದಂತೆ ಬದಲಾಯಿಸಿಕೊಳ್ಳಬಹುದಿತ್ತು. ಅದನ್ನು ಬಳಸಿದವನು ಇಡೀ ಕಾರ್ಖಾನೆಯಲ್ಲಿ ಮಹಾಲಿಂಗ ಒಬ್ಬನೇ. ಪಾಸಿಗೆ ನೀಲಿ, ರಿಜೆಕ್ಟಿಗೆ ಹಳದಿ ಮಾಡಿಕೊಂಡ. "ಕಾಕಾ, ಹೋಳಿ ಹಬ್ಬ ಆಡೀರಲ್ಲ ಪರದೆ ಮ್ಯಾಲ" ಎಂದು ಉಳಿದವರು ಕರೆಯುವ ಹೆಸರಿನಿಂದಲೇ ಕರೆದು ನಾನೂ ಚೇಷ್ಟೆ ಮಾಡಿದ್ದೇನೆ. ಹದಿನೆಂಟು ವರ್ಷ ಹಾಗೆಯೇ ನಡೆಯಿತು.

ಎರಡು ವರ್ಷದ ಹಿಂದೆ, ಜೂನ್ ತಿಂಗಳಿನಲ್ಲಿ, ಅದನ್ನು ತೆಗೆದು ಹೊಸದನ್ನು ಹಾಕಿದರು. ಹಾಕಲು ಬಂದವಳು ಇಂಪನಾ ಎಂಬ ಎಂಜಿನಿಯರ್ ಹುಡುಗಿ, ಹಾಸನದ ಕಡೆಯವಳು, ಹಿಂಜೇವಾಡಿಯ ಒಂದು ಸಣ್ಣ ಕಂಪನಿಯಲ್ಲಿದ್ದಳು. ಭೋಸರಿಯಲ್ಲಿ ಕನ್ನಡ ಕೇಳಿ ಅವಳಿಗೆ ಖುಷಿಯಾಯಿತು. ಹೊಸ ಪರದೆ ಚೆಂದವಿತ್ತು. ಒಂದೇ ಸಲ ತಯಾರಾದ ಮಾಲಿಗೆ ಲಾಟು ಎನ್ನುತ್ತೇವೆ. ಪ್ರತಿ ಲಾಟಿನ ನಂಬರಿನ ಮುಂದೆ ಒಂದು ಪುಟ್ಟ ದುಂಡು ಚುಕ್ಕಿ, ಹಸಿರೋ ಕೆಂಪೋ. ಪರದೆ ಸ್ವಚ್ಛ ಕಾಣಲೆಂದು ಪಾಸು, ರಿಜೆಕ್ಟು ಎಂಬ ಅಕ್ಷರಗಳನ್ನು ತೆಗೆದುಹಾಕಿದ್ದರು. ಕಾಗದದ ಚೀಟಿಗಳೂ ಹೋದವು.

ಮಹಾಲಿಂಗ ಅವಳ ಹಿಂದೆ ನಿಂತು ಕೇಳಿದ. "ಬಣ್ಣ ಬದಲಿ ಮಾಡೂದು ಎಲ್ಲಿ ಅದವ್ವಾ?"

"ಥೀಮ್ ಎರಡಿದೆ ಸರ್, ಲೈಟು, ಡಾರ್ಕು. ನಿಮಗೆ ಯಾವ್ದು ಬೇಕು?"

"ಅದಲ್ಲ. ಈ ಚುಕ್ಕಿದು."

"ಅದು ಫಿಕ್ಸ್ ಸರ್. ರೆಡ್ಡು ಗ್ರೀನು ಎಲ್ರಿಗೂ ಗೊತ್ತಿರೋದೇ ಅಲ್ವಾ? ಯಾಕೆ ಸರ್, ಚೆನ್ನಾಗಿಲ್ವಾ?"

"ಚಲೋ ಅದ. ಸುಮ್ಮ ಕೇಳಿದೆ" ಎಂದು ಅವನು ಬೆಂಚಿಗೆ ಹೋದ.

ಹೇಗೋ ಒಂದು ದಾರಿ ಹುಡುಕಿಕೊಂಡ. ಮೌಸಿನ ಬಾಣವನ್ನು ಚುಕ್ಕಿಯ ಮೇಲೆ ಒಯ್ದು ನಿಲ್ಲಿಸಿದರೆ, ಒಂದು ಗಳಿಗೆಯ ನಂತರ ಪಾಸೋ ರಿಜೆಕ್ಟೋ ಎಂಬ ಅಕ್ಷರ ಮೂಡುತ್ತಿತ್ತು. ಎಲ್ಲ ಪಾಳಿಯವರ ತಪಾಸಣೆಯೂ ಸೇರಿ ದಿನಕ್ಕೆ ಇನ್ನೂರು ಚುಕ್ಕಿ. ಒಂದೊಂದರ ಮೇಲೂ ಬಾಣ ನಿಲ್ಲಿಸಿ ಕಾಯುತ್ತಿದ್ದ. ಊಟದ ಡಬ್ಬಿಯನ್ನು ಬೆಂಚಿನ ಮೇಲೇ ಬಿಚ್ಚತೊಡಗಿದ. ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ. ನಾನು ಕಾರಣ ಕೇಳಲಿಲ್ಲ. ನನಗೆ ಕಾರಣ ಗೊತ್ತಿತ್ತಲ್ಲ.

ಇಲ್ಲಿ ನಮ್ಮಿಬ್ಬರ ಒಂದು ರೂಢಿಯನ್ನು ಹೇಳಬೇಕು. ಯಾವ ಲಾಟುಗಳನ್ನು ಗಾಡಿಗೆ ಹಾಕಬೇಕೆಂದು ನಾನು ನನ್ನ ಪರದೆಯಲ್ಲಿ ಚುಕ್ಕಿ ನೋಡಿ ಖಾತ್ರಿ ಮಾಡಿಕೊಳ್ಳಬೇಕೆಂಬುದು ನಿಯಮ. ಆದರೆ ಮಹಾಲಿಂಗ ಇಂಟರ್‌ಕಾಮಿನಲ್ಲಿ ಕನ್ನಡದಲ್ಲಿ ನಂಬರುಗಳನ್ನು ಹೇಳುತ್ತ ಹೋಗುತ್ತಿದ್ದ, ನಾನು ಬರೆದುಕೊಂಡು ಮಾಲು ಏರಿಸುತ್ತಿದ್ದೆ. ಸುತ್ತಲೂ ಮರಾಠಿಯೇ ಇರುವ ಆ ಕಾರ್ಖಾನೆಯಲ್ಲಿ ದಿನಕ್ಕೊಮ್ಮೆ ಹಾಗೆ ಕನ್ನಡ ಅಂಕಿಗಳನ್ನು ಕೇಳುವುದು ನನಗೆ ಹಿತವಾಗಿತ್ತು. ಮೂವತ್ತು ವರ್ಷದಲ್ಲಿ ಅವನು ಹೇಳಿದ ನಂಬರು ತಪ್ಪಿದ್ದಿಲ್ಲ. ನಾನು ಪರದೆ ನೋಡುವುದನ್ನು ಯಾವತ್ತೋ ಬಿಟ್ಟಿದ್ದೆ.

ಗಣಪತಿ ಹಬ್ಬದ ಹಿಂದಿನ ದಿನ. ಅರ್ಧ ಜನ ರಜೆಯ ಮೇಲಿದ್ದರು. ರಾಂಜಣಗಾಂವದ ಗಿರಾಕಿಯ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಮಹಾಲಿಂಗ ನಂಬರು ಹೇಳಿದ, ನಾನು ಏರಿಸಿದೆ. ಆತುರದಲ್ಲಿ ಅವನು ಬಾಣ ನಿಲ್ಲಿಸದೆ ಹೇಳಿದ ಒಂದು ಲಾಟು ರಿಜೆಕ್ಟು ಆಗಿತ್ತು. ಹಬ್ಬ ಮುಗಿಯುವುದರೊಳಗೆ ಅಷ್ಟೂ ಮಾಲು ವಾಪಸು ಬಂತು, ಜೊತೆಗೆ ಕಟುವಾದ ಪತ್ರವೂ ಬಂತು.

ಮ್ಯಾನೇಜರ್ ಮಧುಕರರಾವ್ ನನ್ನನ್ನು ಕರೆಸಿ, ಕಂಪ್ಯೂಟರಿನಲ್ಲಿ ಆ ಲಾಟನ್ನು ತೋರಿಸಿದರು. ಚುಕ್ಕಿ ಕೆಂಪಗೆ ಇತ್ತು. "ಇಷ್ಟು ಕೆಂಪಗಿರುವುದನ್ನು ಯಾಕೆ ಏರಿಸಿದಿರಿ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ನೋಡಿರಲಿಲ್ಲ ಎಂದೆ. ಅದು ನಿಜ. ಯಾರ ಮಾತಿನ ಮೇಲೆ ಎಂದು ಹೇಳಲಿಲ್ಲ. ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಕೈಗೆ ಮೆಮೊ ಕೊಟ್ಟರು. ಮೂರು ದಿನದಲ್ಲಿ ಉತ್ತರ ಕೊಡಬೇಕು, ಸಮಾಧಾನವಾಗದಿದ್ದರೆ ಅಮಾನತು.

ಎರಡು ದಿನ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕುಳಿತು ಹೋದೆವು. ಅವನು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಈಗ ಅವನಿಲ್ಲದಿರುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಆ ಎರಡು ದಿನ ನನಗೆ ಅವನ ಮೇಲೆ ಬಹಳ ಸಿಟ್ಟಿತ್ತು. ನಾನು ಅವನ ಗುಟ್ಟನ್ನು ಮೂವತ್ತು ವರ್ಷ ಕಾದೆ, ಇವನು ನನಗಾಗಿ ಒಂದು ಮಾತು ಆಡಲಾರನೇ ಎಂದು. ಆ ಒಂದು ಮಾತು ಆಡಿದರೆ ಅವನ ಬೆಂಚು ಹೋಗುತ್ತದೆ ಎಂಬುದೂ ನನಗೆ ತಿಳಿದಿತ್ತು. ಆದರೂ ಸಿಟ್ಟಿತ್ತು.

ಮೂರನೆಯ ದಿನ ನಾನು ಉತ್ತರ ಕೊಡಲು ಮಧುಕರರಾವ್ ಅವರ ಕೋಣೆಗೆ ಹೋದಾಗ ಮಹಾಲಿಂಗ ನನಗಿಂತ ಮೊದಲೇ ಅಲ್ಲಿ ನಿಂತಿದ್ದ. ಹೆಗಲಿಗೆ ಊಟದ ಚೀಲ ಹಾಗೆಯೇ ಇತ್ತು. ಮರಾಠಿಯಲ್ಲಿ, ಅಳತೆ ಹೇಳುವ ದನಿಯಲ್ಲೇ ಹೇಳಿದ.

"ಸಾಹೇಬ, ಆ ಲಾಟಿನ ನಂಬರು ಹೇಳಿದವನು ನಾನು. ನನಗೆ ಕೆಂಪು, ಹಸಿರು ಒಂದೇ ಕಾಣುತ್ತವೆ."

"ಯಾವಾಗಿನಿಂದ?"

"ಹುಟ್ಟಿದಾಗಿನಿಂದ."

"ಏನು ಹೇಳುತ್ತಿದ್ದೀರಿ ಕಾಕಾ? ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಪಾಸಾಗಿದ್ದೀರಲ್ಲ."

"ಡಾಕ್ಟರ ಪುಸ್ತಕ ಬದಲಾಗಲೇ ಇಲ್ಲ ಸಾಹೇಬ. ಮೂರನೇ ಪುಟದ ತುದಿ ಹರಿದಿದೆ. ಅದೇ ಗುರುತು, ಉಳಿದದ್ದೆಲ್ಲ ಬಾಯಿಪಾಠ." ಅವನು ಎಲ್ಲ ಪುಟದ ಅಂಕಿಗಳನ್ನೂ ಒಂದರ ಹಿಂದೆ ಒಂದು ಹೇಳಿಬಿಟ್ಟ. ಮೊದಲ ವರ್ಷ ಸಾಲಿನಲ್ಲಿ ಕೊನೆಗೆ ನಿಂತು, ಮುಂದಿನವರು ಹೇಳುವುದನ್ನು ಕೇಳಿ ಕಲಿತದ್ದಂತೆ.

ಮಧುಕರರಾವ್ ನಗು ಬಂದದ್ದನ್ನು ತಡೆದುಕೊಂಡರು, ಆಮೇಲೆ ಮುಖ ಗಟ್ಟಿ ಮಾಡಿದರು. ನನ್ನ ಮೆಮೊ ಎಚ್ಚರಿಕೆಗೆ ಇಳಿಯಿತು, ಯಾಕೆಂದರೆ ಪರದೆ ನೋಡದಿದ್ದ ತಪ್ಪು ನನ್ನದೇ ಆಗಿತ್ತು. ಮಹಾಲಿಂಗನನ್ನು ಬೆಂಚಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ಮುಂದಿನದನ್ನು ದೊಡ್ಡವರನ್ನು ಕೇಳಿ ಹೇಳುತ್ತೇನೆ ಎಂದರು. ಹೊರಡುವ ಮುಂಚೆ ಮಹಾಲಿಂಗ ಒಂದೇ ಒಂದು ಬೇಡಿಕೆ ಇಟ್ಟ. "ನನ್ನ ಕೈ ನೋಡಿ ಕೆಲಸ ಕೊಟ್ಟಿರಿ ಸಾಹೇಬ, ಶಾಫ್ಟಿಗೆ ಬಣ್ಣ ಇಲ್ಲ. ಬಣ್ಣ ಇರುವುದು ಕಂಪ್ಯೂಟರಿನಲ್ಲಿ. ಹಳೆಯದರಂತೆ ಬಣ್ಣ ಬದಲಿಸಿಕೊಳ್ಳುವ ಸೆಟ್ಟಿಂಗು ಹೊಸದರಲ್ಲೂ ಹಾಕಿಸಿಕೊಡಿ."

"ಒಬ್ಬರ ಸಲುವಾಗಿ ಕಂಪನಿಯವರು ಸಾಫ್ಟ್‌ವೇರ್ ಬದಲಿಸುತ್ತಾರೆಯೇ?" ಎಂದರು ಮಧುಕರರಾವ್.

ಆ ದಿನ ಬಸ್ಸಿನಲ್ಲಿ ಮಹಾಲಿಂಗನೇ ಮೊದಲು ನನ್ನ ಹೆಸರು ಹಿಡಿದು ಬಾಯಿ ಬಿಟ್ಟ. "ಅವ್ವಣ್ಣ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಯಾವಾಗಿಂದ?"

"ಚೀಟಿ ಮೂಲಿ ಕತ್ತರಸ್ತಿದ್ದಿ ನೋಡು, ಆವಾಗಿಂದ."

"ಹಂಗಾರ ಹೇಳಬೇಕಿಲ್ಲೋ, ಮಂಗ್ಯಾ. ಮೂವತ್ತು ವರ್ಷ ಸುಮ್ಮನ ಅಂಜಿದೆ" ಎಂದ. ಆಮೇಲೆ, "ಎರಡು ದಿನ ತಡ ಮಾಡಿದೆ. ಸಿಟ್ಟ ಬಂದಿತ್ತೇನು?" ಎಂದು ಕೇಳಿದ. ಬಂದಿತ್ತು ಎಂದೆ. "ಬರಬೇಕ" ಎಂದ.

ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿತು. ಕೆಲವರು ನಕ್ಕರು. ಒಬ್ಬ ಸಿಗ್ನಲ್ಲು ಹೇಗೆ ದಾಟುತ್ತೀರಿ ಎಂದು ಕೇಳಿದ. "ಮೇಲಿನದು ನಿಲ್ಲು, ಕೆಳಗಿನದು ಹೋಗು. ನಿನಗೆ ಬಣ್ಣ ಕಾಣುತ್ತದೆ, ಆದರೂ ನೀನು ನಿಲ್ಲುವುದಿಲ್ಲ" ಎಂದು ಇವನು ಮರಾಠಿಯಲ್ಲೇ ತಿರುಗಿಸಿದ. ನಾಲ್ಕನೆಯ ದಿನ ಊಟದ ಹೊತ್ತಿನಲ್ಲಿ ವೆಲ್ಡರೊಬ್ಬ ಸ್ಟೋರಿಗೆ ಬಂದು, ಆಚೀಚೆ ನೋಡಿ, "ಕಾಕಾ, ಮಲಾ ಪಣ ತಸಂಚ" ಎಂದ. ನನಗೂ ಹಾಗೆಯೇ ಎಂದು. ಮಹಾಲಿಂಗ ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿಯನ್ನು ಅವನ ಕಡೆ ಸರಿಸಿದ. ಅದೇ ವಾರದಲ್ಲಿ ಇನ್ನೂ ನಾಲ್ವರು ಬಂದರು. ಅವರಲ್ಲಿ ಒಬ್ಬ ಮಧುಕರರಾವ್ ಅವರ ಕೋಣೆಯ ಪಕ್ಕದಲ್ಲೇ ಕೂತು ಪ್ಲಾನಿಂಗ್ ಮಾಡುವವನು, ಪರದೆಯ ಮೇಲೆ ಗುರುತಿಗೆಂದು ತುಂಡು ಕಾಗದ ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದ. ಮಹಾಲಿಂಗನೂ ಸೇರಿ ಆರು ಜನ ಸಹಿ ಹಾಕಿದ ಪತ್ರವನ್ನು ನಾನು ಬರೆದುಕೊಟ್ಟೆ. ಒಬ್ಬರ ಸಲುವಾಗಿ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಇಂಪನಾ ಬಂದಳು. ಇಡೀ ದಿನ ಮಹಾಲಿಂಗನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಳು. ಅವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಒಂದೊಂದೇ ಬಣ್ಣ ಹಾಕಿ ಕೇಳಿ ಬರೆದುಕೊಂಡಳು. ಸಂಜೆ ಹೊತ್ತಿಗೆ, "ಸಾರಿ ಸರ್. ಅವತ್ತು ನೀವು ಕೇಳ್ದಾಗ ಯಾಕೆ ಅಂತ ಸರಿಯಾಗಿ ಕೇಳ್ಬೇಕಿತ್ತು ನಾನು" ಎಂದಳು.

"ಕೇಳಿದ್ರೂ ನಾ ಹೇಳತಿದ್ದಿಲ್ಲವ್ವಾ" ಎಂದ ಮಹಾಲಿಂಗ. "ನಿನ್ನ ತಪ್ಪು ಅರ್ಧ, ನಂದ ಅರ್ಧ."

ಅವಳ ಕಂಪನಿ ನಾಲ್ಕು ತಿಂಗಳು ತೆಗೆದುಕೊಂಡಿತು. ಆ ನಾಲ್ಕು ತಿಂಗಳೂ ಅವನು ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತ ಕುಳಿತ. ಬೆಂಚಿನ ಕಡೆ ಹೋಗುವುದಿರಲಿ, ಆ ಸಾಲಿನಲ್ಲಿ ನಡೆಯುತ್ತಲೂ ಇರಲಿಲ್ಲ, ಸುತ್ತು ಹಾಕಿ ಬರುತ್ತಿದ್ದ. ಅವನ ಜಾಗಕ್ಕೆ ಬಂದವನು ತಪಾಸಣೆಯಲ್ಲಿ ಬಿಟ್ಟ ಗೀರುಗಳ ಸಂಖ್ಯೆ ಹೆಚ್ಚುತ್ತ ಹೋದದ್ದೂ ಮಹಾಲಿಂಗನ ಪರವಾಗಿ ಮಾತಾಡಿರಬೇಕು. ಸಂಕ್ರಮಣದ ಮರುದಿನ ದೊಡ್ಡವರ ನಿರ್ಧಾರ ಬಂತು. ಬಣ್ಣ ಬಳಿದ ಮಾಲನ್ನು ಅವನು ನೋಡಬಾರದು, ಶಾಫ್ಟಿನ ಬೆಂಚು ಅವನದೇ. ಅದೇ ವಾರ ಹೊಸ ಸೆಟ್ಟಿಂಗಿನ ಪುಟವೂ ಬಂತು. ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬಣ್ಣಗಳನ್ನು ಆರಿಸಿಟ್ಟುಕೊಳ್ಳಬಹುದು. ದುಂಡು ಚುಕ್ಕಿ ಬೇಡವಾದರೆ ಚೌಕವೋ ತ್ರಿಕೋನವೋ ಮಾಡಿಕೊಳ್ಳಬಹುದು. ಪಾಸು, ರಿಜೆಕ್ಟು ಎಂಬ ಅಕ್ಷರಗಳು ಎಲ್ಲರ ಪರದೆಗೂ ಮರಳಿದವು.

ಮಹಾಲಿಂಗ ಆ ಮಧ್ಯಾಹ್ನವೆಲ್ಲ ಬಣ್ಣ ಆರಿಸುತ್ತ ಕುಳಿತ. ಪಾಸಿಗೆ ನೀಲಿ ಎಂದು ಒಂದೇ ನಿಮಿಷದಲ್ಲಿ ಮುಗಿಸಿದ. ರಿಜೆಕ್ಟಿಗೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ಇಂಟರ್‌ಕಾಮಿನಲ್ಲಿ ನನ್ನನ್ನು ಕರೆದ. ಹೋಗಿ ನಿಂತೆ. ಪರದೆಯ ಮೇಲೆ ಬೆರಳಿಟ್ಟು, ಸುತ್ತಲೂ ಜನರಿದ್ದಾಗಲೇ, ದನಿ ತಗ್ಗಿಸದೆ ಕೇಳಿದ.

"ಅವ್ವಣ್ಣ, ಇದು ಯಾವ ಬಣ್ಣೋ?"

ಮೂವತ್ತು ವರ್ಷದಲ್ಲಿ ಅವನು ಆ ಪ್ರಶ್ನೆಯನ್ನು ಯಾರಿಗೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. "ಕುಂಕುಮದ ಬಣ್ಣ" ಎಂದೆ.

"ನನಗ ರಾಡಿ ಮಣ್ಣು ಕಂಡಂಗ ಕಾಣತದ. ಇದು?"

"ಅರಿಷಿಣ."

"ಇದಿರಲಿ" ಎಂದು ಅದನ್ನೇ ಇಟ್ಟುಕೊಂಡ.

ನಾನು ಮೇ ತಿಂಗಳಿನಲ್ಲಿ ನಿವೃತ್ತನಾದೆ. ಅವನು ಮುಂದುವರಿದ. ಅವನ ನಿವೃತ್ತಿಗೆ ಮೂರು ತಿಂಗಳಿದ್ದಾಗ, ಒಂದು ಬೆಳಿಗ್ಗೆ ಬಸ್ಸಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತ ಕುಳಿತಿದ್ದವನು ಹಾಗೆಯೇ ಒರಗಿದ. ಹೃದಯ ಎಂದರು ಡಾಕ್ಟರು. ಮಣ್ಣಿಗೆ ಇಂಪನಾ ಬಂದಿದ್ದಳು, ಪತ್ರಕ್ಕೆ ಸಹಿ ಹಾಕಿದ ಆ ಐದು ಜನರೂ ಬಂದಿದ್ದರು.

ಅಂಗಿಗಳ ವಿಷಯ ಬಿಟ್ಟು ಎಲ್ಲಿಗೋ ಬಂದೆ. ಹದಿನೇಳರಲ್ಲಿ ಹೆಚ್ಚಿನವುಗಳ ಕಾಲರಿನಲ್ಲಿ ಹೊಲಿಗೆ ಇತ್ತು. ಕೆಲವು ನೀಲಿ ಇದ್ದವು, ಅವಕ್ಕೆ ಬೇಕಿರಲಿಲ್ಲ. ಆದರೆ ಅಡಿಯಲ್ಲಿದ್ದ ಮೂರು ಹೊಸ ಅಂಗಿಗಳು, ಎರಡು ಹಸಿರು, ಒಂದು ಇಟ್ಟಿಗೆಯ ಬಣ್ಣದ್ದು, ಅವಕ್ಕೂ ಹೊಲಿಗೆ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಬಿಚ್ಚಿದ ಗುರುತೂ ಇರಲಿಲ್ಲ. ಶಿವಬಸವ್ವ ಮರೆತಿರಬೇಕು ಎನಿಸಿತು. ಅವಳು ಮರೆಯುವವಳಲ್ಲ ಎಂದೂ ಅನಿಸಿತು. ಫೋನು ಮಾಡಿದೆ.

"ಮರತಿಲ್ಲರಿ ಅಣ್ಣಾರ" ಎಂದಳು. "ಹ್ವಾದ ವರ್ಷ ಸೂಜಿ ದಾರ ತಗೊಂಡು ಕುಂತಿದ್ನಿ. ಕೈಯಾಂದ ಕಸಗೊಂಡ್ರು. ಇನ್ನ ಹೊಲಿಬ್ಯಾಡ, ಗೊತ್ತಾಗಲಿಲ್ಲಂದ್ರ ಕೇಳತೀನಿ ಅಂದ್ರು. ದಿನಾ ಮುಂಜಾನೆ ಕೇಳತಿದ್ರು ನೋಡ್ರಿ. ಗೊತ್ತಿದ್ರೂ ಕೇಳತಿದ್ರು."

ಹದಿನಾರು ಅಂಗಿಗಳನ್ನು ಕಾರ್ಖಾನೆಯ ಗೇಟಿನ ಕಾವಲುಗಾರರಿಗೆ ಕೊಟ್ಟು ಬಂದೆ. ಇಟ್ಟಿಗೆಯ ಬಣ್ಣದ್ದೊಂದನ್ನು ನನಗೆ ಇಟ್ಟುಕೊಂಡಿದ್ದೇನೆ. ಹೆಗಲಿಗೆ ತುಸು ಬಿಗಿ, ಆದರೂ ಬರುತ್ತದೆ.